ಎರಡು ಜಗಳವನ್ನೂ ಒಟ್ಟಿಗೆ ಹೊರಬೇಡಿ

ಅಕ್ಕಾ, ಮಡಿಕೇರಿ ಕೋರ್ಟಲ್ಲಿ ಡೈವೋರ್ಸ್ ಕೇಸು, ತೋಟದ ಆಫೀಸಲ್ಲಿ ಮ್ಯಾನೇಜರ್ ಜೊತೆ ಜಗಳ, ನಿದ್ದೆಯಿಲ್ಲ, ಮಧ್ಯಸ್ಥಿಕೆಗೆ ಹೋಗಲಾ ಅಂತ ಕೇಳಿದ್ದೀರಿ. ಹೋಗಿ. ನಾನೂ ಹೋಗಿ ಬಂದವಳು. ಅಲ್ಲಿ ಮಧ್ಯಸ್ಥರೊಬ್ಬರು ಗಂಡ ಹೆಂಡತಿ ನಡುವೆ ಕೂತು ರಾಜಿ ಮಾತಾಡಿಸುತ್ತಾರೆ, ಯಾರೂ ತೀರ್ಪು ಕೊಡುವುದಿಲ್ಲ. ಇಬ್ಬರನ್ನೂ ಬೇರೆ ಬೇರೆ ಕೂರಿಸಿಯೂ ಕೇಳುತ್ತಾರೆ. ಅಲ್ಲಿ ಆಡಿದ ಮಾತನ್ನು ಆಮೇಲೆ ಕೋರ್ಟಲ್ಲಿ ಸಾಕ್ಷಿಯಾಗಿ ಬಳಸುವಂತಿಲ್ಲ. ನನ್ನ ಎದೆ ಹಗುರಾಗಿದ್ದು ಅದರಿಂದಲೇ. ಒಪ್ಪಿಗೆ ಆಗದಿದ್ದರೆ ಕೇಸು ಮತ್ತೆ ಕೋರ್ಟಿಗೆ, ಅಷ್ಟೇ. ಆದರೆ ನಿಮ್ಮ ಗಂಡ ಹೊಡೆಯುವವರಾಗಿದ್ದರೆ ಎದುರು ಕೂರಬೇಡಿ, ಮಧ್ಯಸ್ಥರಿಗೆ ಮೊದಲೇ ಹೇಳಿಬಿಡಿ. ಹೆಣ್ಣುಮಕ್ಕಳಿಗೆ ಸರ್ಕಾರದಿಂದ ಉಚಿತ ವಕೀಲರು ಸಿಗುತ್ತಾರೆ, 15100ಕ್ಕೆ ಫೋನ್ ಮಾಡಿ.

ಆಫೀಸಿನ ಜಗಳಕ್ಕೆ ಇಬ್ಬರೂ ನಂಬುವ ಹಿರಿಯರೊಬ್ಬರು ಸಾಕು. ಈಗ ಕಾಫಿ ಕೊಯ್ಲಿನ ಗಡಿಬಿಡಿ ಬೇರೆ, ಅಲ್ವಾ? ಅದು ಮುಗಿಯಲಿ. ನಿದ್ದೆಯ ವಿಷಯ ಮಾತ್ರ ತಡ ಮಾಡಬೇಡಿ. ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ.