ಹೆಗಲುಗಳ ನಡುವಿನ ನೋವು: ಓದುಗರ ಪ್ರಶ್ನೆ, ವೈದ್ಯರ ಉತ್ತರ

ಪ್ರಶ್ನೆ: ನನಗೆ 38 ವರ್ಷ. ಮನೆಯಲ್ಲಿಯೇ ಜೋಳದ ರೊಟ್ಟಿ ಮಾಡಿ ಖಾನಾವಳಿಗಳಿಗೂ ಮದುವೆ ಮನೆಗಳಿಗೂ ಕೊಡುತ್ತೇನೆ. ಕೆಲವು ತಿಂಗಳಿಂದ ಎರಡು ಹೆಗಲಿನ ನಡುವೆ, ಬಲಕ್ಕೆ ಹೆಚ್ಚಾಗಿ, ಉರಿಯುವಂಥ ನೋವಿದೆ. ಮಧ್ಯಾಹ್ನದ ಹೊತ್ತಿಗೆ ಏರುತ್ತದೆ, ಮಲಗಿದರೆ ಇಳಿಯುತ್ತದೆ. ಅತ್ತೆಯವರು ವಾಯು ಹಿಡಿದಿದೆ ಎನ್ನುತ್ತಾರೆ. ದವಾಖಾನೆಯಲ್ಲಿ ಇಂಜೆಕ್ಷನ್ ಮಾಡಿಸಿಕೊಂಡರೆ ಎರಡು ದಿನ ಆರಾಮ, ಆಮೇಲೆ ಮತ್ತೆ ಅದೇ. ಬೆನ್ನೆಲುಬು ಸವೆದಿದೆಯೇ? ಎಂಆರ್‌ಐ ಮಾಡಿಸಬೇಕೆ?
– ಓದುಗರೊಬ್ಬರು, ಕಲಬುರಗಿ

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದ ಮಾತು, ನೋವು ಕೆಲಸದೊಂದಿಗೆ ಏರುತ್ತದೆ ಮತ್ತು ಮಲಗಿದರೆ ಇಳಿಯುತ್ತದೆ ಎಂಬುದು. ಹೀಗೆ ವರ್ತಿಸುವ ಮೇಲ್ಬೆನ್ನಿನ ನೋವು ಬಹುಪಾಲು ಸ್ನಾಯುಗಳದ್ದಾಗಿರುತ್ತದೆ. ಎದೆಯ ಹಿಂಭಾಗದ ಬೆನ್ನೆಲುಬಿನಲ್ಲಿ 12 ಕಶೇರುಕಗಳು, ಅಂದರೆ ಬಿಡಿ ಮೂಳೆಗಳು, ಇದ್ದು, ಪ್ರತಿಯೊಂದಕ್ಕೂ ಎರಡೂ ಕಡೆ ಪಕ್ಕೆಲುಬುಗಳು ಕೂಡಿಕೊಂಡಿರುವುದರಿಂದ ಆ ಭಾಗ ಸೊಂಟದಷ್ಟು ಅಥವಾ ಕುತ್ತಿಗೆಯಷ್ಟು ಬಾಗುವುದಿಲ್ಲ, ಆದ್ದರಿಂದಲೇ ಅಲ್ಲಿ ಡಿಸ್ಕ್ (ಆ ಮೂಳೆಗಳ ನಡುವಿನ ಮೆತ್ತೆ) ಜಾರುವುದು ಅಪರೂಪ. ನೋವು ಹುಟ್ಟುವುದು ಹೆಗಲ ಮೂಳೆಯನ್ನು ಬೆನ್ನೆಲುಬಿಗೆ ಮತ್ತು ಕುತ್ತಿಗೆಗೆ ಹಿಡಿದಿಟ್ಟಿರುವ ಸ್ನಾಯುಗಳಲ್ಲಿ. ನೆಲದ ಮೇಲೆ ಕುಳಿತು, ತಲೆ ಮುಂದಕ್ಕೆ ಚಾಚಿ, ಹಿಟ್ಟನ್ನು ನಾದಿ, ಬಲಗೈಯಿಂದ ಗಂಟೆಗಟ್ಟಲೆ ರೊಟ್ಟಿ ತಟ್ಟುವಾಗ ಸುಮಾರು 5 ಕಿಲೋ ತೂಗುವ ತಲೆಯನ್ನು ಮುಂದಕ್ಕೆ ಬೀಳದಂತೆ ತಡೆಯುವವು ಇವೇ ಸ್ನಾಯುಗಳು. ಬಲಗಡೆಯವು ಅದರ ಮೇಲೆ ತಟ್ಟುವ ಕೈಯ ಭಾರವನ್ನೂ ಹೊರುತ್ತವೆ.

ಕುತ್ತಿಗೆಯ ಕೆಳಭಾಗದ ಡಿಸ್ಕ್ ತೊಂದರೆಯೂ ಹೆಗಲುಗಳ ನಡುವೆ ನೋವಾಗಿ ಕಾಣಿಸಿಕೊಳ್ಳಬಹುದು. ತೋಳಿನಲ್ಲಿ ಜುಮ್ಮೆನ್ನುವುದು, ಬೆರಳು ಮರಗಟ್ಟುವುದು, ಹಿಡಿದ ಪಾತ್ರೆ ಕೈಜಾರುವುದು ಇದ್ದರೆ ವೈದ್ಯರಿಗೆ ಹೇಳಿ, ಕುತ್ತಿಗೆಯನ್ನು ಪರೀಕ್ಷಿಸಲು ಕೇಳಿಕೊಳ್ಳಿ. ಅವುಗಳಾವುವೂ ಇಲ್ಲದಿದ್ದರೆ ಸದ್ಯಕ್ಕೆ ಎಂಆರ್‌ಐ ಬೇಕಿಲ್ಲ. ನಲವತ್ತರ ಆಸುಪಾಸಿನಲ್ಲಿ ನೋವೇ ಇಲ್ಲದವರ ಸ್ಕ್ಯಾನಿನಲ್ಲಿಯೂ ಸವೆತ ಕಾಣುತ್ತದೆ. ವರದಿಯಲ್ಲಿ ಆ ಶಬ್ದವನ್ನು ಓದಿದ ಮೇಲೆ ರೋಗಿಗಳು ಭಯದಿಂದ ಕೈಕಾಲು ಆಡಿಸುವುದನ್ನೇ ನಿಲ್ಲಿಸಿ ಬೆನ್ನನ್ನು ಇನ್ನಷ್ಟು ಬಿಗಿಯಾಗಿಸಿಕೊಳ್ಳುವುದು ನಾವು ಪದೇ ಪದೇ ಕಾಣುವ ಸಂಗತಿ.

ಆ ಇಂಜೆಕ್ಷನ್ನಿನಲ್ಲಿ ಯಾವ ಔಷಧಿ ಇದೆ ಎಂದು ಮುಂದಿನ ಸಲ ಕೇಳಿ ಬರೆಸಿಕೊಳ್ಳಿ. ನೋವು ನಿವಾರಕವೇ ಆಗಿದ್ದರೆ ಅದು ನೋವನ್ನು ಕೆಲವು ಗಂಟೆ ಅಡಗಿಸುತ್ತದೆ, ನೀವು ಅಷ್ಟು ಹೊತ್ತು ಇನ್ನಷ್ಟು ರೊಟ್ಟಿ ತಟ್ಟುತ್ತೀರಿ, ಹಾಗಾಗಿ ನೋವು ಮರಳುತ್ತದೆ. ಸ್ಟಿರಾಯ್ಡ್ ಬೆರೆತಿದ್ದರೆ ಪದೇ ಪದೇ ತೆಗೆದುಕೊಳ್ಳುವುದರಿಂದ ಸಕ್ಕರೆ ಅಂಶ ಏರುತ್ತದೆ, ಮೂಳೆ ಟೊಳ್ಳಾಗುತ್ತದೆ. ನಮ್ಮ ಬೇಸಿಗೆಯ 40 ಡಿಗ್ರಿ ಮೀರಿದ ಬಿಸಿಲಿನಲ್ಲಿ, ಒಲೆಯ ಮುಂದೆ ಬೆವರಿ ನೀರು ಕಡಿಮೆ ಕುಡಿದಿರುವಾಗ ಡೈಕ್ಲೋಫಿನ್ಯಾಕ್‌ನಂಥ ನೋವು ನಿವಾರಕ ಮೂತ್ರಪಿಂಡಕ್ಕೆ ಹೆಚ್ಚು ಅಪಾಯಕಾರಿ. ಹೊಟ್ಟೆಹುಣ್ಣು, ರಕ್ತದೊತ್ತಡ, ಮೂತ್ರಪಿಂಡದ ತೊಂದರೆ ಇದ್ದವರು ವೈದ್ಯರನ್ನು ಕೇಳದೆ ಅದನ್ನು ಮುಟ್ಟಬಾರದು. ನೋವು ಜೋರಾದ ದಿನ ಪ್ಯಾರಾಸಿಟಮಾಲ್ ಗುಳಿಗೆ, 15–20 ನಿಮಿಷ ಬಿಸಿನೀರಿನ ಶಾಖ ಸಾಕು. ಎಣ್ಣೆ ಹಚ್ಚಿ ತಿಕ್ಕಿಸಿಕೊಳ್ಳುವುದರಿಂದ ಹಾನಿಯಿಲ್ಲ, ಹಿತವೂ ಹೌದು; ಆದರೆ ಮಕ್ಕಳಿಂದ ಬೆನ್ನು ತುಳಿಸಿಕೊಳ್ಳುವ ರೂಢಿಯನ್ನು, ಮುಖ್ಯವಾಗಿ ಮೂಳೆ ಸಡಿಲವಾಗಿರುವ ವಯಸ್ಸಾದವರು, ಬಿಡಬೇಕು.

ನಿಜವಾದ ಚಿಕಿತ್ಸೆ ಇರುವುದು ನೀವು ಕುಳಿತುಕೊಳ್ಳುವ ಜಾಗದಲ್ಲಿ. ರೊಟ್ಟಿ ತಟ್ಟುವ ಹಲಗೆಯನ್ನು ಗಟ್ಟಿಯಾದ ಮೇಜಿನ ಮೇಲೆ, ಮೊಣಕೈ ಮಟ್ಟಕ್ಕಿಂತ ತುಸು ಕೆಳಗೆ ಬರುವಂತೆ ಇಟ್ಟುಕೊಂಡು ನಿಂತು ತಟ್ಟಿದರೆ ಮೈಭಾರವೂ ಕೈಗೆ ನೆರವಾಗುತ್ತದೆ. ನೆಲದಲ್ಲಿಯೇ ಕೂರಬೇಕಾದರೆ ದಪ್ಪ ಮಣೆಯ ಮೇಲೆ ಕೂತು ಹಲಗೆಯನ್ನೂ ಎತ್ತರಿಸಿಕೊಳ್ಳಿ. ಅರ್ಧ ಗಂಟೆಗೊಮ್ಮೆ ಎದ್ದು ನಿಲ್ಲಿ. ತಟ್ಟುವ ಕೆಲಸವನ್ನೂ ಬೇಯಿಸುವ ಕೆಲಸವನ್ನೂ ಜೊತೆಗಾರರೊಂದಿಗೆ ಅದಲುಬದಲು ಮಾಡಿಕೊಳ್ಳಿ. ಸುಗ್ಗಿಯ ಮದುವೆಗಳ ಸಮಯದಲ್ಲಿ ಇದು ಕಷ್ಟವೆಂದು ಗೊತ್ತು. ಆದರೂ ಗುಳಿಗೆಗಿಂತ ಹೆಚ್ಚು ಕೆಲಸ ಮಾಡುವುದು ಇದೇ ಎಂಬುದು ನನ್ನ ಅಭಿಪ್ರಾಯ.

ಎರಡೂ ಹೆಗಲ ಮೂಳೆಗಳನ್ನು ಹಿಂದಕ್ಕೆ ಒಂದರ ಹತ್ತಿರ ಇನ್ನೊಂದನ್ನು ತಂದು 5 ಸೆಕೆಂಡು ಹಿಡಿದು ಬಿಡುವ ವ್ಯಾಯಾಮವನ್ನು 10 ಬಾರಿ, ದಿನಕ್ಕೆ ಎರಡು ಹೊತ್ತು ಮಾಡಿ. ಬಾಗಿಲ ಚೌಕಟ್ಟಿಗೆ ಎರಡೂ ಮುಂಗೈಗಳನ್ನು ಒತ್ತಿ ಒಂದು ಹೆಜ್ಜೆ ಮುಂದಿಟ್ಟು ಎದೆಯನ್ನು 20 ಸೆಕೆಂಡು ಹಿಗ್ಗಿಸಿ. ನೋವು ಸಹಿಸುವಷ್ಟಾದ ಮೇಲೆ ಎಲಾಸ್ಟಿಕ್ ಪಟ್ಟಿಯನ್ನು ಕಿಟಕಿ ಸರಳಿಗೆ ಕಟ್ಟಿ ಎದೆಯ ಕಡೆ ಎಳೆಯುವುದನ್ನು ವಾರಕ್ಕೆ ಮೂರು ದಿನ ಸೇರಿಸಿಕೊಳ್ಳಿ; ಇದನ್ನು ಒಮ್ಮೆ ಫಿಸಿಯೋಥೆರಪಿಸ್ಟರ ಮುಂದೆ ಮಾಡಿ ತೋರಿಸುವುದು ಒಳ್ಳೆಯದು. ಆರು ವಾರ ಬಿಡದೆ ಮಾಡಿಯೂ ಏನೂ ಇಳಿಯದಿದ್ದರೆ ಆಗ ಪರೀಕ್ಷೆಗಳ ಮಾತು.

ಈ ನಡುವೆ ಎದೆ ಬಿಗಿತ, ಬೆವರು ಅಥವಾ ಏದುಸಿರಿನೊಂದಿಗೆ ನೋವು ಬಂದರೆ ಅದು ಹೃದಯಾಘಾತವಾಗಿರಬಹುದು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಎಣ್ಣೆ ಪದಾರ್ಥ ತಿಂದ ಮೇಲೆ ಬಲ ಹೆಗಲ ಕೆಳಗೆ ನೋವು ಬರುವುದಾದರೆ ಪಿತ್ತಕೋಶದ ಕಲ್ಲಿನ ಸಂಶಯ ಬರುತ್ತದೆ. ಒಂದೇ ಬದಿಗೆ ಪಟ್ಟಿಯಂತೆ ಉರಿದು ಕೆಲವು ದಿನಗಳಲ್ಲಿ ಗುಳ್ಳೆ ಎದ್ದರೆ ಅದು ಸರ್ಪಸುತ್ತು. ಅದರ ಔಷಧಿಯನ್ನು ಗುಳ್ಳೆ ಕಂಡ 72 ಗಂಟೆಯೊಳಗೆ ಶುರು ಮಾಡಿದರೆ ಲಾಭ ಹೆಚ್ಚು.

ಪ್ರಶ್ನೆ: ನಮ್ಮ ತಂದೆಯವರಿಗೆ 56 ವರ್ಷ, ಬಿದರಿ ಕೆತ್ತನೆಯ ಕೆಲಸ. ಮೂರು ತಿಂಗಳಿಂದ ಮೇಲ್ಬೆನ್ನು ನೋಯುತ್ತಿದೆ, ರಾತ್ರಿ ನಿದ್ದೆಯಿಲ್ಲ. ಬಗ್ಗಿ ಕೂರುವ ಕಸುಬಿನಿಂದ ಎಂದು ಮುಲಾಮು ಹಚ್ಚುತ್ತಿದ್ದೇವೆ. ಸಂಜೆ ಸಣ್ಣ ಜ್ವರ ಬರುತ್ತದೆ, ತುಂಬಾ ಸೊರಗಿದ್ದಾರೆ. ಈ ವಾರ ನಡೆಯುವಾಗ ಕಾಲು ಭಾರವೆನ್ನುತ್ತಿದ್ದಾರೆ. ಎಕ್ಸ್‌ರೇಯಲ್ಲಿ ಏನೂ ಇಲ್ಲವಂತೆ.
– ಓದುಗರೊಬ್ಬರು, ಬೀದರ್

ಉತ್ತರ: ಇವರ ನೋವನ್ನು ಕಸುಬಿನ ತಲೆಗೆ ಕಟ್ಟಬೇಡಿ. ವಿಶ್ರಾಂತಿಯಲ್ಲೂ ಇಳಿಯದ ರಾತ್ರಿಯ ನೋವು, ಸಂಜೆ ಜ್ವರ, ತೂಕ ಇಳಿಕೆ ಇವು ಮೂರೂ ಸೇರಿದಾಗ ನಮ್ಮ ದೇಶದಲ್ಲಿ ಮೊದಲು ಸಂಶಯಪಡಬೇಕಾದದ್ದು ಬೆನ್ನೆಲುಬಿನ ಕ್ಷಯ. ಇದಕ್ಕೆ ಕೆಮ್ಮು ಇರಲೇಬೇಕೆಂದಿಲ್ಲ. ಬೇರೆಡೆಯಿಂದ ಹರಡಿದ ಕ್ಯಾನ್ಸರಿನಲ್ಲೂ ಹೀಗಾಗಬಹುದಾದ್ದರಿಂದ ಊಹೆಯ ಮೇಲೆ ಔಷಧಿ ಶುರು ಮಾಡುವಂತಿಲ್ಲ. ಮೂಳೆ ಸಾಕಷ್ಟು ಕರಗುವವರೆಗೆ ಎಕ್ಸ್‌ರೇ ಸರಿಯಾಗಿಯೇ ಕಾಣುತ್ತದೆ. ಮೇಲಿನ ಪ್ರಶ್ನೆಯವರಿಗೆ ಬೇಡವೆಂದ ಎಂಆರ್‌ಐ ಇವರಿಗೆ ಬೇಕೇ ಬೇಕು.

ಕಾಲು ಭಾರವಾಗುತ್ತಿರುವುದು ಬೆನ್ನುಹುರಿಯ ಮೇಲೆ ಒತ್ತಡ ಬೀಳುತ್ತಿರುವ ಸೂಚನೆ. ಪತ್ರಿಕೆ ನಿಮ್ಮ ಕೈಸೇರಿದ ದಿನವೇ ಬೀದರಿನ ಸರ್ಕಾರಿ ವೈದ್ಯಕೀಯ ಕಾಲೇಜಾದ ಬ್ರಿಮ್ಸ್ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ. ದಾರಿಯಲ್ಲಿ ಬೈಕಿನ ಮೇಲೆ ಕೂರಿಸಬೇಡಿ, ಮಲಗಿಸಿಕೊಂಡು ಹೋಗಿ. ಬೆನ್ನು ತಿಕ್ಕುವುದನ್ನೂ ಒತ್ತುವುದನ್ನೂ ಈಗಲೇ ನಿಲ್ಲಿಸಿ. ಮೂತ್ರ ಕಟ್ಟುತ್ತಿದೆಯೇ, ಎದೆಯ ಕೆಳಗೆ ಸ್ಪರ್ಶ ಮಂದವಾಗಿದೆಯೇ ಎಂಬುದನ್ನು ವೈದ್ಯರಿಗೆ ತಿಳಿಸಿ.

ಕ್ಷಯವೆಂದು ಖಚಿತವಾದರೆ ಧೈರ್ಯಗೆಡಬೇಕಿಲ್ಲ. ಸರ್ಕಾರಿ ವ್ಯವಸ್ಥೆಯಲ್ಲಿ ಪರೀಕ್ಷೆ ಮತ್ತು ಗುಳಿಗೆಗಳು ಉಚಿತ, ಪೋಷಣೆಗಾಗಿ ತಿಂಗಳಿಗೆ 1,000 ರೂಪಾಯಿಯನ್ನು ರೋಗಿಯ ಖಾತೆಗೆ ಹಾಕುತ್ತಾರೆ. ಶ್ವಾಸಕೋಶದ ಕ್ಷಯಕ್ಕೆ ಸಾಮಾನ್ಯವಾಗಿ 6 ತಿಂಗಳ ಔಷಧಿಯಾದರೆ ಬೆನ್ನೆಲುಬಿನದಕ್ಕೆ ಸುಮಾರು ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಬೇಕಾಗುತ್ತದೆ. ಎರಡು ತಿಂಗಳಲ್ಲಿ ಜ್ವರ ಬಿಟ್ಟು ಹಸಿವು ಮರಳಿದಾಗಲೇ ಬಹಳ ಜನ ಗುಳಿಗೆ ಬಿಡುವುದು, ಆ ಹೊತ್ತಿಗೆ ನೀವು ಪಕ್ಕದಲ್ಲಿರಬೇಕು. ಹುರಿಯ ಮೇಲಿನ ಒತ್ತಡ ಹೆಚ್ಚಿದ್ದರೆ ಶಸ್ತ್ರಚಿಕಿತ್ಸೆಯೂ ಬೇಕಾಗಬಹುದು. ಮನೆಯಲ್ಲಿ ಯಾರಿಗಾದರೂ ಎರಡು ವಾರ ಮೀರಿದ ಕೆಮ್ಮಿದ್ದರೆ ಅವರ ಕಫವನ್ನೂ ಪರೀಕ್ಷೆಗೆ ಕೊಡಿಸಿ.