ಒಬ್ಬರೇ ಬರೆದ ವೆಬ್ ಯೋಜನೆಯನ್ನು ಇತರರ ಕೊಡುಗೆಗೆ ತೆರೆಯುವ ಮುನ್ನ ಏನೇನು ಮಾಡಿಕೊಳ್ಳಬೇಕು?

ಊರಿನ ಗ್ರಂಥಾಲಯದ ಪುಸ್ತಕಗಳ ಲೆಕ್ಕ ಇಡುವ ಜಾಲತಾಣವನ್ನು ಎರಡು ವರ್ಷಗಳಿಂದ ಒಬ್ಬರೇ ಬರೆದಿದ್ದೀರಿ, ಈಗ ಅದರ ಕೋಡನ್ನು ಎಲ್ಲರಿಗೂ ತೆರೆದು ಕೆಲವರ ನೆರವು ಪಡೆಯಬೇಕೆಂದಿದ್ದೀರಿ ಎಂದು ಕೇಳಿದ್ದೀರಿ. ನುಡಿಯಂಥ ಹಳೆಯ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ ಬರಹವನ್ನು ಯುನಿಕೋಡ್‌ಗೆ ಬದಲಿಸುವ ಒಂದು ಸಣ್ಣ ವೆಬ್ ಪುಟವನ್ನು ನಾನೂ ಹೀಗೆಯೇ ತೆರೆದವನು. ಆಗ ಕಲಿತದ್ದನ್ನು ಹೇಳುತ್ತೇನೆ.

ಪರವಾನಗಿಯ ವಿಷಯವನ್ನು ಮೊದಲು ಮುಗಿಸಿಬಿಡಿ. ಕೋಡ್ ಇಟ್ಟು ಹಂಚಿಕೊಳ್ಳುವ ಗಿಟ್‌ಹಬ್ ತಾಣದಲ್ಲಿ ನಿಮ್ಮ ಕೋಡ್ ಎಲ್ಲರ ಕಣ್ಣಿಗೆ ಕಾಣುತ್ತಿದೆ ಎಂದ ಮಾತ್ರಕ್ಕೆ ಅದು ಮುಕ್ತ ತಂತ್ರಾಂಶವಾಗುವುದಿಲ್ಲ. ಪರವಾನಗಿಯ ಕಡತ ಇಲ್ಲದಿದ್ದರೆ ಹಕ್ಕುಗಳೆಲ್ಲ ಬರೆದವರಲ್ಲೇ ಉಳಿಯುತ್ತವೆ. ಯಾರು ಹೇಗೆ ಬಳಸಿದರೂ ಅಡ್ಡಿಯಿಲ್ಲ ಎನ್ನುವುದಾದರೆ ಎಂಐಟಿ ಪರವಾನಗಿ ಸಾಕು. ನಿಮ್ಮ ಕೋಡನ್ನು ಮಾರ್ಪಡಿಸಿ ತಮ್ಮ ಸರ್ವರ್‌ನಲ್ಲಿ ನಡೆಸುವವರು ಆ ಮಾರ್ಪಾಡನ್ನು ತಮ್ಮ ಬಳಕೆದಾರರಿಗೂ ಒದಗಿಸಬೇಕು ಎನ್ನುವುದಾದರೆ 2007ರಲ್ಲಿ ಬಂದ ಎಜಿಪಿಎಲ್ ಪರವಾನಗಿಯ ಮೂರನೆಯ ಆವೃತ್ತಿಯನ್ನು ಆರಿಸಿಕೊಳ್ಳಿ. ಹತ್ತಾರು ಜನರ ಕೋಡ್ ಸೇರಿದ ಮೇಲೆ ಪರವಾನಗಿಯನ್ನು ಬದಲಿಸುವುದು ಕಷ್ಟ.

ಇನ್ನೊಂದು ಕೆಲಸವನ್ನು ಮಾತ್ರ ತೆರೆದ ಮೇಲೆ ಮಾಡಿಕೊಂಡರಾಯಿತು ಎಂದು ಬಿಡುವಂತಿಲ್ಲ. ಡೇಟಾಬೇಸಿನ ಪಾಸ್‌ವರ್ಡ್ ಅಥವಾ ಹೊರಗಿನ ಸೇವೆಯನ್ನು ಬಳಸುವ ಗುಟ್ಟಿನ ಎಪಿಐ ಕೀಲಿ ಎಂದಾದರೂ ಕಮಿಟ್ ಆಗಿ ಕೋಡಿನೊಂದಿಗೆ ದಾಖಲಾಗಿದ್ದರೆ, ಅನಂತರ ಆ ಸಾಲನ್ನು ಅಳಿಸಿದ್ದರೂ ಅದು ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್‌ನ ಇತಿಹಾಸದಲ್ಲಿ ಹಾಗೆಯೇ ಕುಳಿತಿರುತ್ತದೆ. ಇತಿಹಾಸವನ್ನು ತೊಳೆಯುವ ಉಪಕರಣಗಳಿವೆ. ಆದರೂ ಆ ಕೀಲಿಯನ್ನೇ ರದ್ದುಪಡಿಸಿ ಹೊಸದನ್ನು ಪಡೆಯುವುದು ಕ್ಷೇಮ. ನಿಮ್ಮ ಯೋಜನೆಯಲ್ಲಿ ಓದುಗರ ಹೆಸರು, ಫೋನ್ ಸಂಖ್ಯೆಗಳೂ ಇರುವುದರಿಂದ ಪರೀಕ್ಷೆಗೆಂದು ಇಟ್ಟುಕೊಂಡ ಡೇಟಾ ಕಡತಗಳನ್ನೂ ಒಂದೊಂದಾಗಿ ತೆರೆದು ನೋಡಿ.

ನಾನು ನಿಜವಾಗಿ ಎಡವಿದ್ದು, ಯೋಜನೆಯನ್ನು ನಡೆಸುವ ಬಗೆ ತಿಳಿಸುವ ರೀಡ್‌ಮಿ ಕಡತದಲ್ಲಿ. ಎಲ್ಲವನ್ನೂ ಬರೆದಿದ್ದೇನೆಂದು ನಂಬಿ, ಒಬ್ಬ ಗೆಳೆಯನನ್ನು ಕೂರಿಸಿ, ನಾನು ಬಾಯಿ ಬಿಡುವುದಿಲ್ಲ, ಓದಿಕೊಂಡು ನಿನ್ನ ಲ್ಯಾಪ್‌ಟಾಪಿನಲ್ಲಿ ಇದನ್ನು ನಡೆಸು ಎಂದೆ. ಜಾವಾಸ್ಕ್ರಿಪ್ಟ್ ಕೋಡನ್ನು ನಡೆಸುವ ನೋಡ್‌ನ ಯಾವ ಆವೃತ್ತಿ ಬೇಕೆಂಬುದನ್ನು ನಾನು ಎಲ್ಲಿಯೂ ಬರೆದಿರಲಿಲ್ಲ. ಕೋಡಿನ ಹೊರಗಿಡುವ ಹೊಂದಾಣಿಕೆಗಳ, ಅಂದರೆ ಪರಿಸರ ಚರಗಳ, ಕಡತದ ಮಾದರಿಯೂ ಇರಲಿಲ್ಲ. ಅಕ್ಷರಗಳ ಕೋಷ್ಟಕವನ್ನು ಸಿದ್ಧಪಡಿಸುವ ಒಂದು ಸ್ಕ್ರಿಪ್ಟನ್ನು ಮೊದಲು ಓಡಿಸಬೇಕೆಂಬುದು ನನ್ನ ತಲೆಯಲ್ಲಷ್ಟೇ ಇತ್ತು. ಆತ ಅರ್ಧ ಗಂಟೆ ಹೆಣಗಾಡಿ ಕೈಚೆಲ್ಲಿದ. ಗೆಳೆಯನಾದ್ದರಿಂದ ಬೈದು ಹೇಳಿದ. ಅಪರಿಚಿತರಾಗಿದ್ದರೆ ಏನೂ ಹೇಳದೆ ಟ್ಯಾಬ್ ಮುಚ್ಚಿ ಹೋಗುತ್ತಿದ್ದರು, ನನಗೆ ಕಾರಣವೂ ತಿಳಿಯುತ್ತಿರಲಿಲ್ಲ. ಈ ಪ್ರಯೋಗವನ್ನು ನೀವು ತಪ್ಪದೆ ಮಾಡಿ, ಸಾಧ್ಯವಾದರೆ ವಿಂಡೋಸ್ ಬಳಸುವವರೊಬ್ಬರ ಬಳಿಯೂ ಮಾಡಿಸಿ.

ಬಂದವರಿಗೆ ಯಾವ ಕೆಲಸ ಕೊಡಬೇಕು ಎಂಬುದನ್ನು ಮೊದಲೇ ಯೋಚಿಸಿಟ್ಟುಕೊಳ್ಳಿ. ನನ್ನ ಪುಟದ್ದೇ ಉದಾಹರಣೆ ನೋಡಿ. ಹಳೆಯ ಫಾಂಟುಗಳಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಯುನಿಕೋಡ್‌ನಲ್ಲಿ ರಕಾರವೂ ಹಲಂತವೂ ಆ ಅಕ್ಷರಕ್ಕಿಂತ ಮೊದಲು ಬರಬೇಕು. ಈ ಕ್ರಮವನ್ನು ಸರಿಪಡಿಸದಿದ್ದರೆ ‘ಸೂರ್ಯ’ ಎಂಬುದು ‘ಸೂಯರ್’ ಆಗುತ್ತದೆ. ಇಂಥ ತಪ್ಪುಗಳನ್ನು ಹಿಡಿಯಲು ಪ್ರೋಗ್ರಾಮಿಂಗ್ ಬರಬೇಕಾಗಿಲ್ಲ, ಕನ್ನಡ ಓದಲು ಬಂದರೆ ಸಾಕು. ಆದ್ದರಿಂದ ಮೂಲ ಬರಹವೊಂದು, ಬರಬೇಕಾದ ಬರಹವೊಂದು ಹೀಗೆ ಎರಡೇ ಕಂಬಸಾಲುಗಳ ಪರೀಕ್ಷಾ ಕಡತವನ್ನು ಮಾಡಿಟ್ಟೆ. ನನಗೆ ಬಂದ ಅತ್ಯುತ್ತಮ ಕೊಡುಗೆಗಳು ಆ ಕಡತಕ್ಕೆ ಬಂದವು. ಕೊಟ್ಟವರಲ್ಲಿ ಹೆಚ್ಚಿನವರು ಪುಟವಿನ್ಯಾಸ, ಕರಡು ತಿದ್ದುವಿಕೆಯ ಕೆಲಸದವರು. ನಿಮ್ಮಲ್ಲಿಯೂ ಇಂಥದ್ದು ಇದ್ದೇ ಇರುತ್ತದೆ. ‘ಸಾಫ್ಟ್‌ವೇರ್’ ಎಂಬಂಥ ಪದದ ನಡುವೆ ಕಣ್ಣಿಗೆ ಕಾಣದ ಶೂನ್ಯ ಅಗಲದ ಸಂಕೇತವೊಂದು ಇರುತ್ತದೆ. ಪುಸ್ತಕದ ಹೆಸರಿನಲ್ಲಿ ಅದಿದ್ದು, ಹುಡುಕುವವರು ಅದಿಲ್ಲದೆ ಬರೆದರೆ, ಪಠ್ಯವನ್ನು ಹಾಗೆಯೇ ಹೋಲಿಸುವ ಹುಡುಕಾಟದಲ್ಲಿ ಆ ಪುಸ್ತಕ ಸಿಗುವುದಿಲ್ಲ. ಇದನ್ನು ಸರಿಪಡಿಸುವುದು ಒಂದು ಸಂಜೆಯಲ್ಲಿ ಮುಗಿಯುವ ಕೆಲಸ. ಅದನ್ನು ವಿವರವಾಗಿ ಬರೆದು, ಯಾವ ಕಡತದಲ್ಲಿ ಬದಲಿಸಬೇಕೆಂಬುದನ್ನೂ ತಿಳಿಸಿ, ಹೊಸಬರು ಮೊದಲು ಕೈಹಾಕಬಹುದಾದ ಕೆಲಸ ಎಂದು ಸೂಚಿಸುವ ‘ಗುಡ್ ಫಸ್ಟ್ ಇಶ್ಯೂ’ ಎಂಬ ಹಣೆಪಟ್ಟಿಯನ್ನು ಅಂಟಿಸಿ. ನಿಮಗೇ ಬೇಸರ ತಂದಿರುವ ದೊಡ್ಡ ಕೆಲಸಕ್ಕೆ ಆ ಹಣೆಪಟ್ಟಿ ಅಂಟಿಸುವುದು ಬಂದವರಿಗೆ ಮಾಡುವ ಮೋಸ.

ಜಾಹೀರಾತಿಗೆ ಆತುರಪಡಬೇಡಿ. ಮುಕ್ತ ಯೋಜನೆಗಳಿಗೆ ಕೊಡುಗೆ ನೀಡಲು ಉತ್ತೇಜಿಸುವ ಹ್ಯಾಕ್ಟೋಬರ್‌ಫೆಸ್ಟ್ ಎಂಬ ಅಭಿಯಾನದಲ್ಲಿ, 2020ರಲ್ಲಿ, ಉಚಿತ ಟೀ ಶರ್ಟಿನ ಆಸೆಗೆ ರೀಡ್‌ಮಿಯಲ್ಲಿ ಒಂದೆರಡು ಪದ ತಿದ್ದಿದ ಪುಲ್ ರಿಕ್ವೆಸ್ಟುಗಳು (ಬದಲಾವಣೆಯನ್ನು ಸೇರಿಸಿಕೊಳ್ಳಿ ಎಂಬ ಕೋರಿಕೆಗಳು) ಎಷ್ಟು ಯೋಜನೆಗಳಿಗೆ ನುಗ್ಗಿದವೆಂದರೆ, ಆಯೋಜಕರು ನಡುವೆಯೇ ನಿಯಮ ಬದಲಿಸಿ, ಒಪ್ಪಿಗೆ ಕೊಟ್ಟ ಯೋಜನೆಗಳನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಯಿತು. ನಿಜವಾದ ಪುಲ್ ರಿಕ್ವೆಸ್ಟ್ ಬಂದಾಗ ಒಂದೆರಡು ದಿನಗಳೊಳಗೆ ಉತ್ತರಿಸಿ. ಪರಿಶೀಲಿಸಲು ಬಿಡುವಿಲ್ಲದಿದ್ದರೆ ಭಾನುವಾರ ನೋಡುತ್ತೇನೆ ಎಂದಾದರೂ ಬರೆಯಿರಿ. ನಾನು ಒಮ್ಮೆ ಆರು ವಾರ ಸುಮ್ಮನಿದ್ದೆ, ಆ ವ್ಯಕ್ತಿ ಮತ್ತೆ ಬರಲಿಲ್ಲ. ಅಲ್ಪವಿರಾಮ, ಅಂತರಗಳ ಕುರಿತ ತಕರಾರುಗಳನ್ನು ಕೋಡಿನ ಜೋಡಣೆಯನ್ನು ತಾನೇ ಸರಿಪಡಿಸುವ ಪ್ರೆಟಿಯರ್‌ನಂಥ ಉಪಕರಣಕ್ಕೆ ವಹಿಸಿ, ನಿಮ್ಮ ಮಾತನ್ನು ತರ್ಕದ ತಪ್ಪುಗಳಿಗೆ ಮೀಸಲಿಡಿ.

ಕೋಡನ್ನು ನೇರವಾಗಿ ಸೇರಿಸುವ ಅಧಿಕಾರವನ್ನು ಬೇಗನೆ ಕೊಡಬೇಡಿ. 2024ರ ಮಾರ್ಚ್‌ನಲ್ಲಿ ಎಕ್ಸ್‌ಝೆಡ್ ಎಂಬ ಸಂಕೋಚನ ಉಪಕರಣದಲ್ಲಿ ಪತ್ತೆಯಾದ ಹಿಂಬಾಗಿಲನ್ನು ಇಟ್ಟದ್ದು, ವರ್ಷಗಳ ಕಾಲ ಸಹಾಯ ಮಾಡಿ ನಂಬಿಕೆ ಗಳಿಸಿ ಸಹನಿರ್ವಾಹಕನಾಗಿದ್ದ ಖಾತೆಯೊಂದು; ಆಗ ಮೂಲ ನಿರ್ವಾಹಕ ಒಬ್ಬನೇ ದುಡಿದು ಬಳಲಿದ್ದ. ನಮ್ಮ ಪುಟ್ಟ ಯೋಜನೆಗಳ ಮೇಲೆ ಯಾರೂ ಅಷ್ಟು ಶ್ರಮ ಹಾಕಲಾರರು, ಆದರೂ ನಿಮ್ಮಲ್ಲಿ ಓದುಗರ ವಿವರಗಳಿವೆ. ಇಶ್ಯೂಗಳನ್ನು, ಅಂದರೆ ದಾಖಲಾದ ತಪ್ಪು ಮತ್ತು ಕೆಲಸಗಳನ್ನು, ವಿಂಗಡಿಸುವ ಅಧಿಕಾರವನ್ನು ಮೊದಲು ಕೊಡಿ, ಕೋಡಿನ ಮುಖ್ಯ ಶಾಖೆಗೆ ನಿಮ್ಮ ಪರಿಶೀಲನೆಯಿಲ್ಲದೆ ಏನೂ ಸೇರದಂತೆ ರಕ್ಷಣೆ ಹಾಕಿ, ಗ್ರಂಥಾಲಯದ ಸರ್ವರಿನ ಕೀಲಿಗಳನ್ನು ಕೋಡ್ ಇಟ್ಟಿರುವ ರೆಪೊಸಿಟರಿಯಿಂದ ದೂರವಿಡಿ.