ಆ ಖಾಲಿ ಜಾಗ ಹಾರ್ಟ್ಲಿಯದಲ್ಲ

ಪತ್ರ: ಕಳೆದ ಸಂಚಿಕೆಯಲ್ಲಿ ಅಮೆರಿಕ ಸ್ವಾತಂತ್ರ್ಯದ ಸಂಧಾನದ ಚಿತ್ರ ಹಾಕಿದ್ದೀರಿ. ಬಲಭಾಗ ಪೂರ್ತಿ ಖಾಲಿ. ಮುದ್ರಣದ ತಪ್ಪೇ? ಬ್ರಿಟನ್ ಪರ ಸಹಿ ಹಾಕಿದ ಡೇವಿಡ್ ಹಾರ್ಟ್ಲಿ ಅಲ್ಲಿರಬೇಕಿತ್ತು ಅಲ್ವಾ? ಆತ ಯಾರು?
– ಒಬ್ಬ ಓದುಗ, ಶಿವಮೊಗ್ಗ

ಸಂಪಾದಕರ ಉತ್ತರ: ಈ ಸಲ ಪ್ರೆಸ್ಸಿನವರನ್ನು ಬೈಯುವಂತಿಲ್ಲ. ಬೆಂಜಮಿನ್ ವೆಸ್ಟ್ ಆ ಚಿತ್ರವನ್ನು ಮುಗಿಸಲೇ ಇಲ್ಲ. ಖಾಲಿ ಬಿಟ್ಟಿದ್ದು ರಿಚರ್ಡ್ ಆಸ್ವಾಲ್ಡ್‌ಗಾಗಿ. 1782ರ ನವೆಂಬರ್ 30ರಂದು ಪ್ರಾಥಮಿಕ ಒಪ್ಪಂದಕ್ಕೆ ಬ್ರಿಟನ್ ಪರ ಸಹಿ ಹಾಕಿದ್ದು ಆತ. ಚಿತ್ರಕ್ಕೆ ಕೂರಲಿಲ್ಲ, 1784ರಲ್ಲಿ ತೀರಿಕೊಂಡ. ಪಾಪ, ಹಾರ್ಟ್ಲಿಗೆ ಖಾಲಿ ಜಾಗದಲ್ಲೂ ಪಾಲಿಲ್ಲ!

ಹಾರ್ಟ್ಲಿ ಹುಟ್ಟಿದ್ದು 1732ರಲ್ಲಿ. ಹಲ್ ಪಟ್ಟಣದಿಂದ ಪಾರ್ಲಿಮೆಂಟಿಗೆ ಆರಿಸಿ ಬಂದವ. ಮಾತಿಗೆ ನಿಂತರೆ ಎಳೆದು ಎಳೆದು ಸದಸ್ಯರನ್ನು ಹೊರಗೆ ಓಡಿಸುತ್ತಿದ್ದ ಎಂಬ ಹೆಸರಿತ್ತು. ಆದರೆ ಆಡಿದ ಮಾತು ಹಗುರದ್ದಲ್ಲ. ಅಮೆರಿಕದ ಮೇಲಿನ ಯುದ್ಧವನ್ನು ಮೊದಲಿನಿಂದಲೂ ವಿರೋಧಿಸಿದ. 1776ರಲ್ಲೇ ಗುಲಾಮರ ವ್ಯಾಪಾರ ದೇವರ ಕಾನೂನಿಗೂ ಮನುಷ್ಯರ ಹಕ್ಕಿಗೂ ವಿರುದ್ಧ ಎಂದು ಸದನದ ಮುಂದೆ ನಿರ್ಣಯ ಇಟ್ಟ. ಅದು ಬಿದ್ದುಹೋಯಿತು. ಇತ್ತ ಆಸ್ವಾಲ್ಡ್ ದುಡ್ಡು ಮಾಡಿದ್ದೇ ಆ ವ್ಯಾಪಾರದಲ್ಲಿ.

ನನಗೆ ಜಾಸ್ತಿ ಇಷ್ಟವಾಗುವುದು ಹಾರ್ಟ್ಲಿಯ ಇನ್ನೊಂದು ಹುಚ್ಚು. ನೆಲದ ಹಲಗೆಗಳ ಕೆಳಗೆ ತೆಳು ಕಬ್ಬಿಣದ ತಗಡು ಹೊಡೆದರೆ ಮನೆಗೆ ಬೆಂಕಿ ಹತ್ತುವುದಿಲ್ಲ ಎಂದು ಲಂಡನ್ ಬಳಿಯ ಪಟ್ನಿ ಹೀತ್‌ನಲ್ಲಿ ಒಂದು ಮನೆಯನ್ನೇ ಕಟ್ಟಿಸಿದ. ಕೆಳಗಿನ ಕೋಣೆಯಲ್ಲಿ ಬೆಂಕಿ ಹಚ್ಚಿದರು. ಮೇಲಿನ ಕೋಣೆಯಲ್ಲಿ ಮೂರನೇ ಜಾರ್ಜ್ ದೊರೆ, ರಾಣಿ ಶಾರ್ಲೆಟ್ ಕೂತು ತಿಂಡಿ ತಿಂದರಂತೆ! ಅದರ ನೆನಪಿಗೆ ನಿಲ್ಲಿಸಿದ ಕಲ್ಲಿನ ಕಂಬ ಈಗಲೂ ಅಲ್ಲಿದೆ.

ಇಂಥವನನ್ನು ಪ್ಯಾರಿಸ್‌ಗೆ ಯಾಕೆ ಕಳಿಸಿದರು ಅಂದರೆ, ಅಮೆರಿಕದ ಪರ ಸಂಧಾನಕ್ಕೆ ಕೂತಿದ್ದ ಬೆಂಜಮಿನ್ ಫ್ರಾಂಕ್ಲಿನ್ ಆತನ ಹಳೇ ಸ್ನೇಹಿತ. ಯುದ್ಧ ನಡೆಯುತ್ತಿದ್ದಾಗಲೂ ಕೈದಿಗಳ ವಿನಿಮಯಕ್ಕಾಗಿ ಇಬ್ಬರೂ ಕಾಗದ ಬರೆದುಕೊಳ್ಳುತ್ತಿದ್ದರು. 1783ರಲ್ಲಿ ಲಂಡನ್‌ನ ಸರ್ಕಾರ ಬದಲಾಯಿತು, ಆಸ್ವಾಲ್ಡ್ ಜಾಗಕ್ಕೆ ಹಾರ್ಟ್ಲಿ ಬಂದ. ವ್ಯಾಪಾರದ ಷರತ್ತು ಸೇರಿಸಲು ತಿಂಗಳುಗಟ್ಟಲೆ ಹೆಣಗಿದ. ಏನೂ ಆಗಲಿಲ್ಲ. ಕೊನೆಗೆ ಸಹಿ ಬಿದ್ದದ್ದು ಹೆಚ್ಚುಕಡಿಮೆ ಆಸ್ವಾಲ್ಡ್‌ನ ಹಳೇ ಕರಡಿಗೇ. ಸಹಿಗೆ ಫ್ರಾನ್ಸ್ ದೊರೆಯ ಅರಮನೆಯಿದ್ದ ವರ್ಸೈಗೆ ಮಾತ್ರ ಬರುವುದಿಲ್ಲ ಅಂದುಬಿಟ್ಟ ಹಾರ್ಟ್ಲಿ. ಹಾಗಾಗಿ ಸೆಪ್ಟೆಂಬರ್ 3ರಂದು ಅಮೆರಿಕದ ಪ್ರತಿನಿಧಿಗಳಾದ ಫ್ರಾಂಕ್ಲಿನ್, ಜಾನ್ ಆಡಮ್ಸ್, ಜಾನ್ ಜೇ ಮೂವರೂ ಪ್ಯಾರಿಸ್‌ನಲ್ಲಿ ಆತ ಇಳಿದುಕೊಂಡಿದ್ದ ಹೋಟೆಲ್ ದ್ಯಾರ್ಕ್‌ಗೇ ಬಂದು ಸಹಿ ಹಾಕಿದರು.

ಚಿತ್ರದ ಕೆಳಗೆ ‘ಅಪೂರ್ಣ’ ಎಂದು ಬರೆಯದೇ ಇದ್ದದ್ದು ಮಾತ್ರ ನಮ್ಮದೇ ತಪ್ಪು.